ಚೆಕ್ ಕೇಬಲ್ ಅಂದ್ರೆ ಕೇಬಲ್ಲೇ ಅಂತೇನಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಆನ್ ಮಾಡ್ತೀರಾ, ವಿಂಡೋಸ್ ಬರೋ ಬದ್ಲು ಕಪ್ಪು ಸ್ಕ್ರೀನ್ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂದು ಕೂತ್ಕೊಳ್ಳುತ್ತೆ, ಪಿಎಕ್ಸ್‌ಇ ಇ 61, ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್. ಇದನ್ನ ನೋಡಿದ ತಕ್ಷಣ ಹೆಚ್ಚಿನವ್ರು ಮಾಡೋದು ಒಂದೇ, ಸಿಸ್ಟಮ್ ಹಿಂದಗಡೆ ಬಗ್ಗಿ ನೆಟ್ ಕೇಬಲ್ ಕಿತ್ತು ಮತ್ತೆ ಸಿಕ್ಸೋದು. ಆಗ್ಲಿಲ್ವಾ, ಹೊಸ ಕೇಬಲ್ ತರ್ತಾರೆ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ನೆಟ್ ಕಂಪನಿಗೆ ಫೋನ್ ಹಚ್ಚಿ ಜಗಳಕ್ಕೆ ನಿಲ್ತಾರೆ. ಅಲ್ಲಿರೋ ಹುಡುಗ ಇಲ್ಲಿಂದ ಎಲ್ಲಾ ಸರಿ ಇದೆ ಸರ್ ಅಂತಾನೆ, ಇವ್ರು ಸುಳ್ಳು ಹೇಳ್ತೀಯಾ ಅಂತಾರೆ. ಪಾಪ, ಅವ್ನು ಹೇಳಿದ್ದು ನಿಜ.

ಏನಾಗಿರುತ್ತೆ ಅಂದ್ರೆ, ಪವರ್ ಬಟನ್ ಒತ್ತಿದಾಗ ಮೊದ್ಲು ಎದ್ದೇಳೋದು ವಿಂಡೋಸ್ ಅಲ್ಲ, ಮದರ್‌ಬೋರ್ಡ್ ಮೇಲಿರೋ ಒಂದು ಚಿಪ್ಪಿನಲ್ಲಿ ಕೂತಿರೋ ಫರ್ಮ್‌ವೇರ್ ಅನ್ನೋ ಸಣ್ಣ ಪ್ರೋಗ್ರಾಂ. ಹಳೇ ಮಷಿನ್‌ಗಳಲ್ಲಿ ಬಯಾಸ್, ಈಗಿನವುಗಳಲ್ಲಿ ಯುಇಎಫ್ಐ, ಆದ್ರೂ ಬಾಯಲ್ಲಿ ಎಲ್ರೂ ಅನ್ನೋದು ಬಯಾಸ್ ಅಂತಲೇ, ನಾನೂ ಹಾಗೇ ಅಂತೀನಿ. ಅದ್ರ ಹತ್ರ ಒಂದು ಪಟ್ಟಿ ಇರುತ್ತೆ, ಬೂಟ್ ಆರ್ಡರ್ ಅಂತ. ಮೊದ್ಲು ಹಾರ್ಡ್ ಡಿಸ್ಕಲ್ಲಿ ವಿಂಡೋಸ್ ಇದ್ಯಾ ನೋಡು, ಇಲ್ದಿದ್ರೆ ಪೆನ್ ಡ್ರೈವ್ ನೋಡು, ಅದೂ ಇಲ್ದಿದ್ರೆ ನೆಟ್‌ವರ್ಕ್‌ನಲ್ಲಿ ಯಾರಾದ್ರೂ ಕೊಡ್ತಾರಾ ಕೇಳು. ಈ ಕೊನೇದೇ ಪಿಎಕ್ಸ್‌ಇ. ದೊಡ್ಡ ಆಫೀಸುಗಳಲ್ಲಿ ನೂರಾರು ಮಷಿನ್‌ಗೆ ಒಂದೊಂದಕ್ಕೂ ಸಿಡಿ ಹಿಡ್ಕೊಂಡು ಓಡಾಡೋ ಬದ್ಲು ಕೇಬಲ್ ಮೂಲಕವೇ ಇನ್‌ಸ್ಟಾಲ್ ಮಾಡ್ಲಿ ಅಂತ ಇಂಟೆಲ್ ಕಂಪನಿ 1990ರ ದಶಕದ ಕೊನೆಗೆ ತಂದಿದ್ದು, ನಮ್ಮ ಮನೆ ಕಂಪ್ಯೂಟರ್‌ಗೆ ಅದ್ರಿಂದ ಮೂರು ಕಾಸಿನ ಉಪಯೋಗ ಇಲ್ಲ. ಅಂದ್ರೆ ಈ ಸಾಲು ಸ್ಕ್ರೀನ್ ಮೇಲೆ ಬಂತು ಅಂದ್ರೆ, ಪಟ್ಟಿಯಲ್ಲಿ ಮೇಲಿರ್ಬೇಕಾದ ಹಾರ್ಡ್ ಡಿಸ್ಕ್ ಅದಕ್ಕೆ ಸಿಕ್ಕಿಲ್ಲ, ಇಲ್ಲಾ ಪಟ್ಟಿಯಲ್ಲಿ ಕೆಳಗೆ ಇಳಿದಿದೆ. ಅದನ್ನ ಅದು ಹೇಳಲ್ಲ, ಕೊನೆಗೆ ಎಲ್ಲಿ ಸೋತ್ನೋ ಆ ಜಾಗ ಮಾತ್ರ ಹೇಳುತ್ತೆ. ಕಂಪ್ಯೂಟರ್‌ನ ಎರರ್‌ಗಳಲ್ಲಿ ಬಹಳಷ್ಟು ಹೀಗೇ ಇರ್ತವೆ, ಇವತ್ತು ನಾನು ಹೇಳ್ಬೇಕು ಅನ್ಕೊಂಡಿರೋದೂ ಅದನ್ನೇ.

ಸರಿ, ಬಯಾಸ್ ಒಳಗೆ ಹೋಗಿ ನೋಡ್ಬೇಕು. ಆನ್ ಮಾಡ್ತಿದ್ದ ಹಾಗೇ ಒಂದು ಕೀ ಒತ್ತುತ್ತಾ ಇರ್ಬೇಕು, ಅಸೆಂಬಲ್ ಮಾಡ್ಸಿದ ಸಿಸ್ಟಮ್ ಆದ್ರೆ ಸಾಮಾನ್ಯವಾಗಿ ಡಿಲೀಟ್, ಡೆಲ್ ಆದ್ರೆ ಎಫ್ 2, ಎಚ್‌ಪಿ ಆದ್ರೆ ಎಫ್ 10, ಥಿಂಕ್‌ಪ್ಯಾಡ್ ಆದ್ರೆ ಎಫ್ 1. ಒಳಗೆ ಹಾರ್ಡ್ ಡಿಸ್ಕಿನ ಹೆಸ್ರು ಕಾಣ್ತಿದ್ಯಾ ನೋಡಿ. ಕಾಣ್ತಿಲ್ಲ ಅಂದ್ರೆ ಕ್ಯಾಬಿನೆಟ್ ಒಳಗೆ ಡಿಸ್ಕನ್ನ ಮದರ್‌ಬೋರ್ಡ್‌ಗೆ ಜೋಡಿಸೋ ಸಾಟಾ ಕೇಬಲ್ ಸಡಿಲ ಆಗಿರ್ಬಹುದು, ಇಲ್ಲಾ ಡಿಸ್ಕೇ ಹೋಗೋ ಹಾದಿಯಲ್ಲಿದೆ. ಆಮೇಲೆ ಒಂದ್ಸಲ ಕಾಣಿಸ್ತು ಅಂದ್ರೆ ಫೋಟೋ ಫೈಲು ಎಲ್ಲಾ ಮೊದ್ಲು ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ರಿಪೇರಿ ಮಾತು ನಂತ್ರ. ಹೆಸ್ರು ಕಾಣ್ತಿದೆ, ಆದ್ರೆ ಪಟ್ಟಿಯಲ್ಲಿ ಕೆಳಗಿದೆ ಅಂದ್ರೆ ಮೇಲಕ್ಕೆ ತಗೊಂಡು ಸೇವ್ ಮಾಡಿದ್ರೆ ಮುಗೀತು.

ಇಲ್ಲೊಂದು ಎಚ್ಚರಿಕೆ. ಈ ಪಿಎಕ್ಸ್‌ಇ ಕಾಟವೇ ಬೇಡ ಅಂತ ಕೆಲವ್ರು ಬಯಾಸ್‌ನಲ್ಲಿ ನೆಟ್‌ವರ್ಕ್ ಅಂತ ಕಂಡಿದ್ದನ್ನೆಲ್ಲಾ ಡಿಸೇಬಲ್ ಮಾಡ್ಬಿಡ್ತಾರೆ. ಆಫ್ ಮಾಡ್ಬೇಕಾಗಿದ್ದು ನೆಟ್‌ವರ್ಕ್ ಬೂಟ್ ಅನ್ನೋದು ಒಂದನ್ನೇ. ಅದ್ರ ಪಕ್ಕದಲ್ಲೇ ಆನ್‌ಬೋರ್ಡ್ ಲ್ಯಾನ್ ಕಂಟ್ರೋಲರ್ ಅಂತ ಇರುತ್ತೆ, ಅದನ್ನ ಆಫ್ ಮಾಡಿದ್ರೆ ವಿಂಡೋಸ್ ಪಾಲಿಗೆ ನೆಟ್‌ವರ್ಕ್ ಕಾರ್ಡ್ ಅನ್ನೋದೇ ಇಲ್ಲ, ಡಿವೈಸ್ ಮ್ಯಾನೇಜರ್‌ನಲ್ಲೂ ಕಾಣಲ್ಲ, ಆಮೇಲೆ ಡ್ರೈವರ್ ಹುಡುಕ್ತಾ ಕೂತ್ಕೊಂಡ್ರೆ ಜನ್ಮದಲ್ಲಿ ಸಿಗಲ್ಲ. ಹಾಗಂತ ಕಾರ್ಡ್ ಕಾಣದೇ ಇರೋದಕ್ಕೆಲ್ಲಾ ಬಯಾಸೇ ಕಾರಣ ಅಂತಲೂ ಅಲ್ಲ. ಏಪ್ರಿಲ್ ಮೇ ತಿಂಗ್ಳ ಗುಡುಗು ಮಳೆ ಆದ ಮಾರನೇ ದಿನ ಹೀಗಾದ್ರೆ ಲ್ಯಾನ್ ಪೋರ್ಟ್ ಸಿಡಿಲಿಗೆ ಹೋಗಿದೆ ಅಂತಲೇ ಮೊದ್ಲು ಅನುಮಾನ ಪಡ್ಬೇಕು. ಫೈಬರ್ ಗಾಜಿಂದು, ಅದ್ರಲ್ಲಿ ಕರೆಂಟ್ ಹರಿಯಲ್ಲ ನಿಜ, ಆದ್ರೆ ರೂಟರ್‌ನಿಂದ ಕಂಪ್ಯೂಟರ್‌ಗೆ ಬರೋದು ತಾಮ್ರದ ತಂತಿ ಅಲ್ವಾ. ಮದರ್‌ಬೋರ್ಡ್ ಬದಲಾಯಿಸ್ಬೇಕಿಲ್ಲ, ಯುಎಸ್‌ಬಿಗೆ ಹಾಕೋ ಲ್ಯಾನ್ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ.

ಈಗ ಬೂಟ್ ಆರ್ಡರ್ ತಾನಾಗೇ ಯಾಕೆ ಬದಲಾಯ್ತು ಅನ್ನೋ ಪ್ರಶ್ನೆ. ಯಾರೂ ಮುಟ್ಟಿಲ್ಲ ಅಂತಾರೆ, ನಿಜವಾಗ್ಲೂ ಮುಟ್ಟಿರಲ್ಲ. ಮದರ್‌ಬೋರ್ಡ್ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇದೆ, ಸಿಆರ್ 2032 ಅಂತ, ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ಗೋಡೆ ಸ್ವಿಚ್ ಆಫ್ ಆದಾಗ ಗಡಿಯಾರ ನಡೆಸೋದು ಅದು, ಹಳೇ ಬೋರ್ಡ್‌ಗಳಲ್ಲಿ ಸೆಟ್ಟಿಂಗ್ ಉಳಿಸ್ಕೊಳ್ಳೋದೂ ಅದೇ. ಸ್ವಿಚ್ ಆನ್ ಇದ್ರೆ ಅದಕ್ಕೆ ಹೆಚ್ಚು ಕೆಲ್ಸ ಇಲ್ಲ. ಆದ್ರೆ ಸ್ಕೂಲ್ ಲ್ಯಾಬ್ ತಗೊಳ್ಳಿ, ಬೇಸಿಗೆ ರಜೆಗೆ ಮೇನ್ ಸ್ವಿಚ್ಚೇ ಇಳಿಸಿ ಬೀಗ ಹಾಕ್ತಾರೆ, ಎಲ್ಲಾ ಮಷಿನ್ ಒಂದೇ ಲಾಟಲ್ಲಿ ಬಂದಿದ್ದು, ಎಲ್ಲಾದ್ರ ಬ್ಯಾಟರಿಗೂ ಒಂದೇ ವಯಸ್ಸು, ಜೂನ್‌ನಲ್ಲಿ ಬಂದು ಆನ್ ಮಾಡಿದ್ರೆ ಸಾಲಾಗಿ ಕೈ ಕೊಡ್ತವೆ, ಮೇಷ್ಟ್ರು ವೈರಸ್ ಹೊಡೆದಿದೆ ಅಂತಾರೆ.

ಬ್ಯಾಟರಿ ಸತ್ತಾಗ ಬೂಟ್ ಆರ್ಡರ್ ಸರಿಯಾಗೇ ಉಳಿದು ತಾರೀಖು ಮಾತ್ರ ಹಿಂದಕ್ಕೆ ಹೋಯ್ತು ಅನ್ಕೊಳ್ಳಿ, ಆಗಿನ ತಮಾಷೆ ಬೇರೆ. ವಿಂಡೋಸ್ ಚೆನ್ನಾಗೇ ಬರುತ್ತೆ, ವೈಫೈ ಕನೆಕ್ಟ್ ಆಗುತ್ತೆ, ಆದ್ರೆ ಯಾವ ಸೈಟ್ ತೆಗೆದ್ರೂ ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್ ಅಂತ ಕೆಂಪಗೆ ಬರುತ್ತೆ. ಪಹಣಿ ತೆಗ್ಸೋಕೆ ಬಂದವ್ರು ಬಾಗಿಲಲ್ಲಿ ನಿಂತಿರ್ತಾರೆ, ಕೌಂಟರಲ್ಲಿರೋರು ಸರ್ವರ್ ಡೌನ್, ನಾಳೆ ಬನ್ನಿ ಅಂದ್ಬಿಡ್ತಾರೆ. ಸರ್ವರ್ ಡೌನ್ ಅನ್ನೋದು ನಮ್ಮಲ್ಲಿ ಎಲ್ಲಾ ಕಾಯಿಲೆಗೂ ಕೊಡೋ ಒಂದೇ ಮಾತ್ರೆ. ಆದ್ರೆ ಸರ್ವರ್ ಗಟ್ಟಿಮುಟ್ಟಾಗೇ ಇದೆ. ಪ್ರತಿ ಸೈಟಿಗೂ ಇದು ಅಸಲಿ ಅಂತ ಹೇಳೋ ಒಂದು ಸರ್ಟಿಫಿಕೇಟ್ ಇರುತ್ತೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದ್ರಲ್ಲಿ ಬರ್ದಿರುತ್ತೆ, 2020ರ ಸೆಪ್ಟೆಂಬರ್‌ನಿಂದ ಈಚೆಗಂತೂ 398 ದಿನಕ್ಕಿಂತ ಜಾಸ್ತಿ ಅವಧಿಯದ್ದನ್ನ ಬ್ರೌಸರ್‌ಗಳು ಒಪ್ಪೋದೇ ಇಲ್ಲ. ನಿಮ್ಮ ಕಂಪ್ಯೂಟರ್ ಇದು 2012 ಅಂತ ನಂಬ್ಕೊಂಡಿದ್ರೆ ಎದುರಿಗೆ ಬರೋ ಸರ್ಟಿಫಿಕೇಟ್‌ಗಳೆಲ್ಲಾ ಇನ್ನೂ ಹುಟ್ಟೇ ಇಲ್ಲ ಅದ್ರ ಲೆಕ್ಕದಲ್ಲಿ, ಹಾಗಾಗಿ ಬಾಗಿಲು ಹಾಕ್ಕೊಳ್ಳುತ್ತೆ. ಎರರ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಡೇಟ್ ಇನ್‌ವ್ಯಾಲಿಡ್ ಅಂತ ಇರುತ್ತೆ, ಅಷ್ಟು ಓದಿದ್ರೆ ಸಾಕಿತ್ತು, ನಾವು ಓದಲ್ಲ.

ಇಂಟರ್ನೆಟ್‌ನಿಂದ ಟೈಮ್ ತಾನೇ ಸರಿ ಹೋಗಲ್ವಾ ಅಂತ ಕೇಳ್ಬಹುದು. ಒಳ್ಳೇ ಪ್ರಶ್ನೆ. ಮನೆಯಲ್ಲಿರೋ ಮಾಮೂಲಿ ವಿಂಡೋಸ್ ಮಷಿನ್‌ನಲ್ಲಿ ಟೈಮ್ ಸರ್ವಿಸ್‌ಗೆ ಒಂದು ಮಿತಿ ಇಟ್ಟಿದಾರೆ, ವ್ಯತ್ಯಾಸ 15 ಗಂಟೆ ಮೀರಿದ್ರೆ ಅದು ತಿದ್ದೋಕೆ ಹೋಗಲ್ಲ, ಇದೇನೋ ಎಡವಟ್ಟು ಅಂತ ಸುಮ್ನಾಗುತ್ತೆ. ನಿಮ್ದು ಗಂಟೆ ಲೆಕ್ಕ ಅಲ್ಲ, ವರ್ಷಗಳ ಲೆಕ್ಕ. ಕೈಯಾರೆ ಡೇಟ್ ಹಾಕಿ, ಕೆಲ್ಸ ನಡೀಲಿ, ಸಂಜೆ ಬ್ಯಾಟರಿ ಬದಲಾಯಿಸಿ. ಪವರ್ ಕಾರ್ಡ್ ಕಿತ್ತು, ಪವರ್ ಬಟನ್ ಒಂದು ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಲಿಪ್ ಸರಿಸಿ, ಹೊಸದನ್ನ ಪ್ಲಸ್ ಗುರುತು ಮೇಲೆ ಬರೋ ಹಾಗೆ ಕೂರಿಸೋದು, ಅಷ್ಟೇ. (ವಿಂಡೋಸ್ ಜೊತೆ ಲಿನಕ್ಸ್ ಹಾಕ್ಕೊಂಡಿರೋರಿಗೆ ಟೈಮ್ ಸರಿಯಾಗಿ ಐದೂವರೆ ಗಂಟೆ ಹಿಂದಿದ್ರೆ ಅದು ಬ್ಯಾಟರಿ ಅಲ್ಲ, ಲಿನಕ್ಸ್ ಬಯಾಸ್ ಗಡಿಯಾರದಲ್ಲಿ ಗ್ರೀನಿಚ್ ಕಡೆಯ ಟೈಮ್ ಇಡುತ್ತೆ, ವಿಂಡೋಸ್ ಅದನ್ನ ಭಾರತದ ಟೈಮ್ ಅಂತ ಓದ್ಕೊಳ್ಳುತ್ತೆ, ಇಬ್ರಲ್ಲಿ ಒಬ್ಬರ ಸೆಟ್ಟಿಂಗ್ ಬದಲಾಯಿಸಿದ್ರೆ ಆಯ್ತು.)

ಬ್ಯಾಟರಿ ತೆಗೆಯೋ ಮುಂಚೆ, ಬಯಾಸ್‌ನಲ್ಲಿ ಏನೇ ಮುಟ್ಟೋ ಮುಂಚೆ, ಮೊಬೈಲಲ್ಲಿ ಒಂದೊಂದು ಪೇಜಿನ ಫೋಟೋ ತೆಗೀರಿ. ಯಾಕಂದ್ರೆ ಡೀಫಾಲ್ಟ್‌ಗೆ ಹೋದಾಗ ಸಾಟಾ ಮೋಡ್, ಅಂದ್ರೆ ಡಿಸ್ಕ್ ಜೊತೆ ಮಾತಾಡೋ ರೀತಿ, ಎಎಚ್‌ಸಿಐ ಅನ್ನೋದ್ರಿಂದ ಬೇರೆ ಏನೋ ಆಗಿ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸ್ಬಹುದು. ಇನ್ನು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕಿಂತ ದೊಡ್ಡದೊಂದಿದೆ, ಬಿಟ್‌ಲಾಕರ್ ಅಂತ, ಡಿಸ್ಕಿಗೆ ಬೀಗ ಹಾಕೋ ವಿಂಡೋಸ್‌ನದೇ ವ್ಯವಸ್ಥೆ. ನಿಮಗೆ ಗೊತ್ತಿಲ್ದೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ, ನೀವು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಅನ್ನೋ ಸೆಟ್ಟಿಂಗ್ ಆಫ್ ಮಾಡಿದ್ರೋ ಬಯಾಸ್ ಅಪ್‌ಡೇಟ್ ಮಾಡಿದ್ರೋ, ಮುಂದಿನ ಸಲ ಆನ್ ಆದಾಗ 48 ಅಂಕಿಯ ರಿಕವರಿ ಕೀ ಕೊಡು ಅಂತ ಕೂತ್ಕೊಳ್ಳುತ್ತೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ, ಆದ್ರೆ ಆ ಅಕೌಂಟ್ ಲ್ಯಾಪ್‌ಟಾಪ್ ಮಾರಿದ ಅಂಗಡಿಯವನು ಮಾಡ್ಕೊಟ್ಟಿದ್ದು, ಪಾಸ್‌ವರ್ಡ್ ಅವನಿಗೇ ನೆನಪಿಲ್ಲ ಅಂದ್ರೆ ನಿಮ್ಮ ಫೈಲ್‌ಗಳಿಗೆ ಎಳ್ಳು ನೀರು ಬಿಟ್ಟ ಹಾಗೇ. ಮೊದ್ಲು ಕೀ ಬರ್ದಿಟ್ಕೊಳ್ಳಿ, ಆಮೇಲೆ ಬಯಾಸ್.

ಈಗ ವಿಂಡೋಸ್ ಒಳಗೆ ಬರೋಣ. ತಾರೀಖು ಸರಿ ಇದೆ, ಆದ್ರೂ ನೆಟ್ ಇಲ್ಲ. ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ 4 ಅಡ್ರೆಸ್ ಅನ್ನೋದ್ರ ಮುಂದೆ ಏನಿದೆ ನೋಡಿ. 192.168ರಿಂದ ಶುರು ಆದ್ರೆ ರೂಟರ್ ನಿಮ್ಗೆ ವಿಳಾಸ ಕೊಟ್ಟಿದೆ ಅಂತ ಅರ್ಥ. 169.254 ಅಂತ ಇದ್ರೆ ರೂಟರ್ ಕೊಟ್ಟೇ ಇಲ್ಲ, ಕಂಪ್ಯೂಟರ್ ಕೇಳಿ ಕೇಳಿ ಸಾಕಾಗಿ ತಾನೇ ಒಂದು ನಂಬರ್ ಹಾಕ್ಕೊಂಡಿದೆ. ಆಗ ನೋಡ್ಬೇಕಾಗಿದ್ದು ಕೇಬಲ್, ವೈಫೈ, ಮತ್ತೆ ರೂಟರ್‌ನಲ್ಲಿ ಈ ವಿಳಾಸ ಹಂಚೋ ಡಿಎಚ್‌ಸಿಪಿ ಆನ್ ಇದ್ಯಾ ಅನ್ನೋದು. ವಿಳಾಸ 192.168ರದ್ದೇ ಇದ್ದೂ ನೆಟ್ ಇಲ್ದಿದ್ರೆ ಪಿಂಗ್ 8.8.8.8 ಅಂತ ಹೊಡೀರಿ. ಉತ್ತರ ಬಂತು, ಆದ್ರೆ ಬ್ರೌಸರ್‌ನಲ್ಲಿ ಸೈಟ್ ಬರಲ್ಲ ಅಂದ್ರೆ ಲೈನ್ ಚೆನ್ನಾಗಿದೆ, ಹೆಸ್ರನ್ನ ನಂಬರ್ ಮಾಡಿಕೊಡೋ ಡಿಎನ್‌ಎಸ್ ಕೈ ಕೊಟ್ಟಿದೆ. ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ, ಮೊದಲ್ನೇದು ಗೂಗಲ್‌ದು, ಎರಡ್ನೇದು ಕ್ಲೌಡ್‌ಫ್ಲೇರ್‌ದು, ಎರಡೂ ಪುಕ್ಕಟೆ.

ಮನೆಯಲ್ಲಿ ವೈಫೈ ಮಹಡಿಗೆ ಮುಟ್ತಿಲ್ಲ ಅಂತ ಹಳೇ ರೂಟರ್ ಒಂದನ್ನ ಲ್ಯಾನ್ ಪೋರ್ಟಿಗೆ ಚುಚ್ಚಿರ್ತಾರಲ್ಲ, ಅದು ಇನ್ನೊಂದು ತಾಪತ್ರಯ. ಎರಡೂ ರೂಟರ್ ಡಿಎಚ್‌ಸಿಪಿ ಕೊಡೋಕೆ ಶುರು ಮಾಡ್ತವೆ, ಒಂದು ಫೋನ್‌ಗೆ ನೆಟ್ ಬರುತ್ತೆ ಇನ್ನೊಂದಕ್ಕೆ ಬರಲ್ಲ, ಬೆಳಗ್ಗೆ ಇತ್ತು ಮಧ್ಯಾಹ್ನ ಇಲ್ಲ. ಹಳೇದ್ರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಅದ್ರ ಐಪಿ ಬೇರೆ ಕೊಟ್ರೆ ತಣ್ಣಗಾಗುತ್ತೆ.

ಸ್ಪೀಡ್ ಬಗ್ಗೆ ಒಂದೇ ಮಾತು. 300 ಎಂಬಿಪಿಎಸ್ ಪ್ಲಾನ್ ಹಾಕ್ಸಿದೀನಿ, ಕೇಬಲ್ ಹಾಕಿದ್ರೂ 95 ದಾಟ್ತಿಲ್ಲ ಅನ್ನೋರು ಕಂಪನಿನ ಬೈಯೋ ಮುಂಚೆ ಕೇಬಲ್ ನೋಡಿ, ಈ ಸಲ ತಪ್ಪು ಕೇಬಲ್‌ದೇ ಇರ್ಬಹುದು. ಒಳಗೆ ಎಂಟು ತಂತಿ ಇರ್ತವೆ, ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕೇ ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದ್ರೆ ಲೈನ್ ಸಾಯಲ್ಲ, ಸದ್ದಿಲ್ದೇ 100ಕ್ಕೆ ಇಳಿಯುತ್ತೆ.

ಇನ್ನು ರೂಟರ್. ಫೈಬರ್ ಬಾಕ್ಸಿನಲ್ಲಿ ಎಲ್‌ಒಎಸ್ ಅನ್ನೋ ದೀಪ ಕೆಂಪಗೆ ಮಿಣುಕ್ತಾ ಇದ್ರೆ ಬೆಳಕು ಬರ್ತಿಲ್ಲ, ಜೆಸಿಬಿ ಎಲ್ಲೋ ಅಗೆದಿದೆ, ಇಲ್ಲಾ ಇಲಿ ಕಡಿದಿದೆ, ಇಲ್ಲಾ ಮೊಳೆಗೆ ಸುತ್ತಿ ಸುತ್ತಿ ಬಗ್ಗಿಸಿದೀರಾ. ಆಗ ಯಾವ ಸೆಟ್ಟಿಂಗೂ ಪ್ರಯೋಜನ ಇಲ್ಲ, ಕಂಪ್ಲೇಂಟ್ ಕೊಡ್ಬೇಕು ಅಷ್ಟೇ. ದೀಪ ಸರಿ ಇದ್ದೂ ಆಗಾಗ ಕಟ್ ಆಗ್ತಿದ್ರೆ ರೂಟರ್ ಪೇಜಲ್ಲಿ ಆರ್‌ಎಕ್ಸ್ ಪವರ್ ಅಂತ ಇರುತ್ತೆ, ಅಂದ್ರೆ ಬಂದು ಮುಟ್ತಿರೋ ಬೆಳಕಿನ ಬಲ, ಮೈನಸ್ 20ರ ಆಸುಪಾಸಿದ್ರೆ ಆರಾಮ, ಮೈನಸ್ 27ರ ಹತ್ರ ಹೋಗಿದ್ರೆ ಆ ನಂಬರನ್ನೇ ಕಸ್ಟಮರ್ ಕೇರ್‌ನವ್ರಿಗೆ ಓದಿ ಹೇಳಿ, ರೀಸ್ಟಾರ್ಟ್ ಮಾಡಿ ಸರ್ ಅನ್ನೋದು ನಿಲ್ಲುತ್ತೆ.

ರೂಟರ್ ಹಿಂದಗಡೆ ಒಂದು ಸಣ್ಣ ತೂತು ಇರುತ್ತೆ, ಗುಂಡುಪಿನ್ ಹಾಕಿ ಒತ್ತೋದು, ರೀಸೆಟ್. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಆಫ್ ಮಾಡಿ ಆನ್ ಮಾಡಿದ್ರೆ ಏನೂ ಕಳ್ಕೊಳ್ಳಲ್ಲ, ಈ ತೂತು ಒತ್ತಿದ್ರೆ ನೆಟ್ ಕಂಪನಿಗೆ ಲಾಗಿನ್ ಆಗೋಕೆ ರೂಟರ್‌ನಲ್ಲಿ ಹಾಕಿಟ್ಟಿರೋ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಎಲ್ಲಾ ಅಳಿಸಿ ಹೋಗ್ತವೆ, ಅವು ಇಲ್ದೇ ಲೈನ್ ಎಷ್ಟೇ ಚೆನ್ನಾಗಿದ್ರೂ ನೆಟ್ ಬರಲ್ಲ, ಲೈನ್‌ಮ್ಯಾನ್ ಬರೋವರೆಗೆ ಕಾಯ್ಬೇಕು. ಈ ಮೂರನ್ನ ಈಗ್ಲೇ ಕೇಳಿ ಇಸ್ಕೊಂಡು ಚೀಟಿಯಲ್ಲಿ ಬರ್ದು ಬೀರುವಿನಲ್ಲಿಡಿ.

ಅಡ್ಮಿನ್ ಪಾಸ್‌ವರ್ಡ್ ಮಾತ್ರ ಇವತ್ತೇ ಬದಲಾಯಿಸಿ. 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಹೀಗೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನ ಕಟ್ಕೊಂಡು ಡೈನ್ ಅನ್ನೋ ಡಿಎನ್‌ಎಸ್ ಕಂಪನಿ ಮೇಲೆ ಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲಾ ಮಲಗಿದ್ವು. ಅದು ಅಮೆರಿಕದ ಕಥೆ ಅನ್ಬೇಡಿ, 2017ರ ಜುಲೈನಲ್ಲಿ ನಮ್ಮ ಕರ್ನಾಟಕ ಸರ್ಕಲ್‌ನಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ಆಯ್ತು, ಸಿಕ್ಕಿಬಿದ್ದಿದ್ದು ಪಾಸ್‌ವರ್ಡ್ ಅಡ್ಮಿನ್ ಅಂತಲೇ ಬಿಟ್ಟಿದ್ದ ಮೋಡೆಮ್‌ಗಳು, ಆಮೇಲೆ ಎಲ್ರೂ ಬದಲಾಯಿಸಿ ಅಂತ ಸೂಚನೆ ಹೊರಡಿಸಿದ್ರು. ವೈಫೈ ಪಾಸ್‌ವರ್ಡ್ ಬೇರೆ, ರೂಟರ್ ಒಳಗೆ ಹೋಗೋ ಅಡ್ಮಿನ್ ಪಾಸ್‌ವರ್ಡ್ ಬೇರೆ, ನಾನು ಹೇಳ್ತಿರೋದು ಎರಡ್ನೇದು.

ಕೊನೇದಾಗಿ ಫರ್ಮ್‌ವೇರ್ ಅಪ್‌ಡೇಟ್. ರೂಟರ್‌ದಾಗ್ಲಿ ಬಯಾಸ್‌ದಾಗ್ಲಿ, ಅರ್ಧದಲ್ಲಿ ಕರೆಂಟ್ ಹೋದ್ರೆ ಮಷಿನ್ ಮತ್ತೆ ಏಳದೇ ಹೋಗ್ಬಹುದು. ಯುಪಿಎಸ್ ಇದ್ರೆ ಅದ್ರ ಮೇಲೆ ಮಾಡಿ, ಲ್ಯಾಪ್‌ಟಾಪ್ ಆದ್ರೆ ಬ್ಯಾಟರಿ ತುಂಬಿಸಿ ಚಾರ್ಜರ್ ಸಿಕ್ಸಿ ಮಾಡಿ. ಫೈಲ್ ತಯಾರಕರ ಸೈಟಿಂದಲೇ ತಗೊಳ್ಳಿ, ಮಾಡೆಲ್ ನಂಬರ್ ಜೊತೆಗೆ ಹಾರ್ಡ್‌ವೇರ್ ವರ್ಷನ್ನೂ ಸ್ಟಿಕರ್ ನೋಡಿ ಹೊಂದಿಸಿ, ವಿ 1ಕ್ಕೆ ವಿ 2ರದ್ದು ಹಾಕಿದ್ರೆ ಕೆಟ್ಟಂಗೆ. ಫೈಬರ್ ಬಾಕ್ಸ್ ಕಂಪನಿಯವ್ರೇ ಕೊಟ್ಟಿದ್ದಾದ್ರೆ ಅದ್ರ ಅಪ್‌ಡೇಟ್ ಅವ್ರೇ ಅಲ್ಲಿಂದ ಕಳಿಸ್ತಾರೆ, ನೀವು ಕೈ ಹಾಕೋದು ಬೇಡ. ನಮಸ್ಕಾರ.