ಷರತ್ತು ಅನ್ನೋ ಒಂದು ಮಾತು

ಕೇಳುಗರಿಗೆಲ್ಲ ನಮಸ್ಕಾರ. ನಾವು ದಿನಾ ಷರತ್ತು ಷರತ್ತು ಅಂತೀವಲ್ಲ, ಅದು ಅರಬ್ಬಿಯಿಂದ ಬಂದ ಮಾತು, ಅದೇ ಮಾತು ಬೇರೆ ದಾರಿ ಹಿಡಿದು ರಷ್ಯಾಕ್ಕೆ ಹೋಗಿ ಶೆರ್ತ್ ಆಯ್ತು. ಅಲ್ಲಿ ಅಲೆಮಾರಿ ಜನ ತ್ಸಾರ್ ದೊರೆಗೆ ಮಾಡ್ತಿದ್ದ ಆಣೆಗೆ ಆ ಹೆಸರು.

ಹಾಗೆ ಆಣೆ ಮಾಡಿದವರಲ್ಲಿ ಕಲ್ಮಿಕರೂ ಒಬ್ಬರು, ಮಂಗೋಲ್ ಮೂಲದವರು, ಬೌದ್ಧರು. ಕುರಿ ಕುದುರೆ ಒಂಟೆ ಹೊಡ್ಕೊಂಡು 17ನೇ ಶತಮಾನದಲ್ಲಿ ವೋಲ್ಗಾ ನದಿ ತೀರಕ್ಕೆ ಬಂದ್ರು. 1655ರಲ್ಲಿ ತ್ಸಾರ್‌ಗೆ ಅವರ ಆಣೆ ಆಯ್ತು. ಕಾಗದ ಬರೆದವರು ಮಾಸ್ಕೋದವರು, ಅದ್ರಲ್ಲಿ ಇವರು ನಮ್ಮ ಪ್ರಜೆಗಳು ಅಂತ ಇತ್ತು. ಕಲ್ಮಿಕರು ತಿಳ್ಕೊಂಡಿದ್ದು ಬೇರೇನೇ, ನಾವು ನಿಮ್ಮ ಶತ್ರುಗಳ ಮೇಲೆ ಕುದುರೆ ಏರಿ ಬರ್ತೀವಿ, ನೀವು ಹುಲ್ಲುಗಾವಲು ಬಿಡ್ಬೇಕು, ಕಾಣಿಕೆ ಕೊಡ್ಬೇಕು, ಅಂದ್ರೆ ನಮ್ಮ ಅರ್ಥದ ಷರತ್ತೇ.

ಈ ಎರಡು ಅರ್ಥದ ನಡುವೆ ಚೆನ್ನಾಗಿ ಬದುಕಿದವನು ಕಲ್ಮಿಕರ ದೊರೆ ಆಯುಕಾ ಖಾನ್, ನನಗೆ ತುಂಬ ಇಷ್ಟವಾದ ಮನುಷ್ಯ. ಖಾನ್ ಪದವಿ ಅವನಿಗೆ ಬಂದಿದ್ದು ಮಾಸ್ಕೋದಿಂದಲ್ಲ, ದಲೈ ಲಾಮಾ ಕಡೆಯಿಂದ. 1714ರಲ್ಲಿ ಚೀನಾ ಚಕ್ರವರ್ತಿಯ ರಾಯಭಾರಿಗಳು ಅಷ್ಟು ದೂರದಿಂದ ಅವನ ಡೇರೆಗೇ ಬಂದಿದ್ರು, ಪ್ರಜೆ ಅಂತ ಬರೆಸಿಕೊಂಡವನ ಹತ್ರ ಇನ್ನೊಂದು ಸಾಮ್ರಾಜ್ಯ ದೂತರನ್ನ ಕಳಿಸುತ್ತೆ ಅಂದ್ರೆ ನೋಡಿ! 1722ರಲ್ಲಿ ಪರ್ಷಿಯಾ ದಂಡಯಾತ್ರೆಗೆ ಹೊರಟ ರಷ್ಯಾದ ಪೀಟರ್ ದೊರೆ ದಾರೀಲಿ ವೋಲ್ಗಾ ದಡದ ಸಾರಾಟೋವ್ ಊರಿನ ಹತ್ರ ಅವನನ್ನ ಕಂಡು 10,000 ಸವಾರರನ್ನ ಕೇಳಿದ. ಮುದುಕ ಇಲ್ಲ ಅನ್ನಲಿಲ್ಲ, ಆದ್ರೆ ಅರ್ಧ ಸಾಕಾಗುತ್ತೆ ಅಂದು 5,000 ಜನರನ್ನ ಕಳಿಸಿದ.

1724ರಲ್ಲಿ ಆಯುಕಾ ತೀರ್ಕೊಂಡ ಮೇಲೆ ಹಿಡಿತ ಬಿಗಿ ಆಗ್ತಾ ಹೋಯ್ತು. ಯಾರು ಖಾನ್ ಆಗ್ಬೇಕು ಅಂತ ರಷ್ಯಾ ಕೈಹಾಕ್ತು, 1762ರಲ್ಲಿ ಅವರ ಜಾರ್ಗೋ ಅನ್ನೋ ಪಂಚಾಯ್ತಿಯನ್ನೂ ಬದಲಾಯಿಸಿ ಖಾನನ ಮಾತಿಗೆ ಅಲ್ಲಿ ತೂಕ ಕಮ್ಮಿ ಮಾಡ್ತು, ಹುಲ್ಲುಗಾವಲಿಗೆ ಜರ್ಮನ್ ರೈತರು ಬಂದ್ರು, ಟರ್ಕಿ ಯುದ್ಧಕ್ಕೆ ಇನ್ನೂ ಸವಾರರು ಬೇಕು ಅಂದ್ರು.

ಇದೆಲ್ಲ ಸಾಕಾಗಿ 1771ರ ಜನವರಿಯಲ್ಲಿ ಆಗಿನ ಕಲ್ಮಿಕರ ದೊರೆ ಉಬಾಶಿ ಖಾನ್ ಹೆಂಗಸರು ಮಕ್ಕಳು ಮಂದೆ ಸಮೇತ 1,50,000ಕ್ಕೂ ಹೆಚ್ಚು ಜನರನ್ನ ಕರ್ಕೊಂಡು ಪೂರ್ವಕ್ಕೆ ಹೊರಟ, ಪೂರ್ವಜರ ನೆಲಕ್ಕೆ. ದಾರೀಲಿ ಚಳಿ, ಹಸಿವು, ಕಜಕ್ ಅಲೆಮಾರಿಗಳ ದಾಳಿ. ಚೀನಾ ಗಡಿ ಮುಟ್ಟಿದ್ದು ಅರ್ಧಕ್ಕಿಂತ ಕಮ್ಮಿ ಜನ. ಅದೇ ವರ್ಷ ರಷ್ಯಾದ ಕ್ಯಾಥರೀನ್ ರಾಣಿ ಕಲ್ಮಿಕರ ಖಾನ್ ಪದವಿಯನ್ನೇ ರದ್ದು ಮಾಡಿದ್ಲು.

ನನ್ನ ಮನಸ್ಸಲ್ಲಿ ಉಳಿದಿರೋದು ಹೋದವರಿಗಿಂತ ಆಚೆ ದಡದವರು. ಆ ವರ್ಷ ಚಳಿಗಾಲ ಅಷ್ಟು ಬಿರುಸಿರಲಿಲ್ಲ, ವೋಲ್ಗಾ ಗಟ್ಟಿಯಾಗಿ ಹೆಪ್ಪುಗಟ್ಟಲೇ ಇಲ್ಲ, ಪಶ್ಚಿಮ ದಡದಲ್ಲಿದ್ದವರಿಗೆ ಮಂದೆ ದಾಟಿಸೋಕೆ ಆಗದೆ ಅಲ್ಲೇ ಉಳ್ಕೊಂಡ್ರು. ಇವತ್ತು ರಷ್ಯಾದ ಒಳಗಿರೋ ಕಲ್ಮಿಕಿಯಾ ಗಣರಾಜ್ಯದ ಕಲ್ಮಿಕರು ಹೆಚ್ಚಾಗಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು.