ಕೈ ಹಾಕುವ ಮೊದಲು ಆ ಹಾಳೆ ಓದಿ

ಎಲ್ಲ ಕೇಳುಗರಿಗೂ ನಮಸ್ಕಾರ.

ಮನೆ ಕೆಲಸವನ್ನು ತಾವೇ ಮಾಡಿಕೊಳ್ಳುವವರ ಜೊತೆ ಇವತ್ತು ನನ್ನ ಮಾತು. ಹಳೆ ನಲ್ಲಿ ಬಿಚ್ಚಿ ಹೊಸದು ಹಾಕುವವರು, ರಜೆಯ ದಿನ ಗೋಡೆಗೆ ಬಣ್ಣ ಹೊಡೆಯುವವರು, ಡ್ರಿಲ್ ಹಿಡಿದು ಗೀಸರ್ ಕೂರಿಸುವವರು. ನಿಮ್ಮನ್ನು ಕಂಡರೆ ನನಗೆ ತುಂಬಾ ಅಭಿಮಾನ. ನಾನು ಬಹಳ ವರ್ಷ ಸರ್ವಿಸ್ ಕೆಲಸದಲ್ಲಿದ್ದವನು. ಕೆಟ್ಟುಹೋದ ಸಾಮಾನು ನೋಡೋಕೆ ಮನೆ ಮನೆಗೆ ಹೋದವನು. ಹಾಗೆ ಹೋದಾಗ ಬಾಯಿಬಿಟ್ಟು ಹೇಳೋಕೆ ಅತ್ಯಂತ ಕಷ್ಟವಾದ ಮಾತು ಅಂದರೆ, "ಇದಕ್ಕೆ ವಾರಂಟಿ ಸಿಗೋದಿಲ್ಲ."

ಯಾಕೆ ಸಿಗೋದಿಲ್ಲ? ಹೆಚ್ಚಿನ ಸಲ ಕಾರಣ ಒಂದೇ. ಡಬ್ಬದೊಳಗೆ ಒಂದು ಹಾಳೆ ಇರುತ್ತದೆ. ಹೇಗೆ ಕೂರಿಸಬೇಕು, ಏನು ಮಾಡಬಾರದು ಅಂತ ಬರೆದಿರುತ್ತದೆ. ಅದನ್ನು ಯಾರೂ ಓದಿರೋದಿಲ್ಲ. ಥರ್ಮೋಕೋಲ್ ಜೊತೆಗೇ ಅದೂ ಕಸದ ಬುಟ್ಟಿಗೆ ಹೋಗಿರುತ್ತದೆ. ಅದಕ್ಕೇ ಇವತ್ತು ನನ್ನದು ಒಂದೇ ಮಾತು: ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲು ಆ ಹಾಳೆ ಓದಿ.

ವಾರಂಟಿ ಅಂದರೆ ಏನು ಅಂತ ಸರಳವಾಗಿ ಹೇಳುತ್ತೇನೆ. ತಯಾರಿಸುವಾಗ ತಪ್ಪಾಗಿದ್ದರೆ ಅದು ಕಂಪನಿಯ ಜವಾಬ್ದಾರಿ. ಕೂರಿಸುವಾಗ ತಪ್ಪಾಗಿದ್ದರೆ ಅದು ಕೂರಿಸಿದವರ ಜವಾಬ್ದಾರಿ. ನೀವೇ ಕೂರಿಸಿದ್ದರೆ ಆ ಕೂರಿಸಿದವರು ನೀವೇ, ಅಲ್ವಾ? ಸರಿಯಾಗಿ ಕೂರಿಸುವುದು ಅಂದರೆ ಹೇಗೆ ಅನ್ನೋದನ್ನು ಹೇಳುವುದು ಆ ಹಾಳೆ. ಪಕ್ಕದ ಮನೆಯವರ ಅನುಭವ, ಫೋನಿನಲ್ಲಿ ನೋಡಿದ ವಿಡಿಯೋ ಇವೆಲ್ಲ ಲೆಕ್ಕಕ್ಕೆ ಬರೋದಿಲ್ಲ.

ಒಂದು ಘಟನೆ ಹೇಳುತ್ತೇನೆ. ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಗೀಸರ್ ಟ್ಯಾಂಕ್ ಸೋರುತ್ತಿದೆ ಅಂತ ದೂರು. ಬಾಗಿಲು ತೆಗೆದಾಗಲೇ ಅವರ ಕೈಯಲ್ಲಿ ಫೈಲ್ ಇತ್ತು. ಬಿಲ್ಲು, ವಾರಂಟಿ ಕಾರ್ಡು, ಅಂಗಡಿಯ ಮುದ್ರೆ, ಒಂದೂ ತಪ್ಪಿಲ್ಲ. "ನೋಡಿಪ್ಪಾ, ತಗೊಂಡು ಒಂದೂವರೆ ವರ್ಷ ಆಗಿದೆ ಅಷ್ಟೇ. ಟ್ಯಾಂಕಿಗೆ 5 ವರ್ಷ ಅಂತ ಬರೆದಿದೆ. ನಾನೇ ಕೂರಿಸಿದ್ದು, ನೋಡು ಎಷ್ಟು ಗಟ್ಟಿಯಾಗಿದೆ" ಅಂದರು. ನಿಜಕ್ಕೂ ಗಟ್ಟಿಯಾಗಿತ್ತು. ಬೋಲ್ಟ್ ಸೊಟ್ಟ ಇಲ್ಲ. ಪೈಪ್ ಜೋಡಣೆಯಲ್ಲಿ ಒಂದು ಹನಿ ಸೋರಿಕೆ ಇಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ.

ಆಮೇಲೆ ಟಾರ್ಚ್ ಹಾಕಿ ಕೆಳಗೆ ನೋಡಿದೆ. ತಣ್ಣೀರು ಒಳಗೆ ಹೋಗುವ ಕಡೆ ಒಂದು ಹಿತ್ತಾಳೆಯ ವಾಲ್ವ್ ಇರುತ್ತದೆ. ಅದರ ಪಕ್ಕದಲ್ಲಿ ಸಣ್ಣ ಮೂಗಿನ ಹಾಗೆ ಒಂದು ತೂತು. ಆ ತೂತಿಗೆ ಬೂದು ಬಣ್ಣದ ಅಂಟು ಮೆತ್ತಿತ್ತು. ಪೈಪ್ ಸೋರಿದರೆ ಎರಡು ಉಂಡೆ ಕಲಸಿ ಮೆತ್ತುತ್ತೀವಲ್ಲ, ಅದೇ ಅಂಟು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮೇಲೆ ಅವರ ಹೆಬ್ಬೆರಳಿನ ಗುರುತು ಹಾಗೇ ಇತ್ತು.

"ಇದು ಯಾಕೆ ಮುಚ್ಚಿದಿರಿ ಸಾರ್?" ಅಂತ ಕೇಳಿದೆ.

"ಸ್ವಿಚ್ ಹಾಕಿದಾಗೆಲ್ಲ ತೊಟ್ಟಿಕ್ಕುತ್ತಿತ್ತು. ಲೀಕ್ ಅಲ್ವಾ, ನಾನೇ ನಿಲ್ಲಿಸಿದೆ" ಅಂದರು.

ಅದು ಲೀಕ್ ಆಗಿರಲಿಲ್ಲ. ಆ ವಾಲ್ವ್ ತನ್ನ ಕೆಲಸ ಮಾಡುತ್ತಿತ್ತು. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಿದರೆ ಸುಮಾರು ಅರ್ಧ ಲೀಟರ್ ಜಾಸ್ತಿ ಜಾಗ ಬೇಕು. ಟ್ಯಾಂಕು ಉಕ್ಕಿನದು, ಅದು ಅಷ್ಟು ಹಿಗ್ಗೋದಿಲ್ಲ. ನೀರು ಬಂದ ದಾರಿಯಲ್ಲೇ ವಾಪಸ್ ಹೋಗೋಣ ಅಂದರೆ ಅದೇ ವಾಲ್ವ್ ಒಳಗೆ ತಡೆ ಇರುತ್ತದೆ. ಹಾಗಾಗಿ ಒತ್ತಡ ಹೆಚ್ಚಾದಾಗ ಆ ತೂತಿನಿಂದ ನೀರು ಹನಿ ಹನಿಯಾಗಿ ಹೊರಗೆ ಬರಬೇಕು. ಅದನ್ನು ಮುಚ್ಚಿದ್ದರಿಂದ ದಿನಾ ಬೆಳಗ್ಗೆ ಆ ಒತ್ತಡವನ್ನೆಲ್ಲ ಟ್ಯಾಂಕೇ ತಡೆದುಕೊಂಡಿದೆ. ಒಳಮೈಗೆ ಗಾಜಿನಂಥ ಲೇಪನ ಇತ್ತು. ಅದು ಬಿರುಕು ಬಿಟ್ಟಿತು, ತುಕ್ಕು ಹಿಡಿಯಿತು, ಕೊನೆಗೆ ಬೆಸುಗೆ ಹತ್ತಿರ ಸೋರಿತು. ಸದ್ಯ, ಸೋರಿದ್ದಷ್ಟೇ ಅಂತ ನಾನು ನಿಟ್ಟುಸಿರು ಬಿಟ್ಟೆ. ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೂಡ ಕೈಕೊಟ್ಟಿದ್ದರೆ ಆ ಟ್ಯಾಂಕ್ ಸಿಡಿಯಬಹುದಿತ್ತು. ಸ್ನಾನದ ಮನೆಯಲ್ಲಿ ಯಾರಾದರೂ ಇದ್ದಿದ್ದರೆ?

ಹಾಳೆ ಎಲ್ಲಿ ಅಂತ ಕೇಳಿದೆ. ಅದೇ ಫೈಲಿನಲ್ಲಿ ಇತ್ತು! ಮಡಿಕೆ ಕೂಡ ಬಿಚ್ಚಿರಲಿಲ್ಲ. ನಾನೇ ಬಿಚ್ಚಿ ತೋರಿಸಿದೆ. ವಾಲ್ವ್‌ನ ಚಿತ್ರ, ಹನಿಯ ಚಿತ್ರ, ಪಕ್ಕದಲ್ಲಿ ಎರಡು ಸಾಲು: ಕಾಯುವಾಗ ಇಲ್ಲಿ ನೀರು ತೊಟ್ಟಿಕ್ಕುವುದು ಸಹಜ, ಇದನ್ನು ಮುಚ್ಚಬಾರದು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಒಂದು ಮಾತೂ ಆಡಲಿಲ್ಲ. ಅವರ ಮುಖ ನನಗೆ ಇವತ್ತಿಗೂ ನೆನಪಿದೆ. ಬಿಲ್ಲು ಜೋಪಾನ ಮಾಡಿದವರು, ಕೆಲಸ ಬಲ್ಲವರು. ಹತ್ತು ನಿಮಿಷ ಕೊಟ್ಟು ಆ ಹಾಳೆ ಓದಿದ್ದರೆ ಸಾಕಿತ್ತು.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ತಂದಿದ್ದೀರಾ? ಹಿಂದುಗಡೆ ಉದ್ದದ ಬೋಲ್ಟುಗಳಿರುತ್ತವೆ. ಸಾಗಿಸುವಾಗ ಡ್ರಮ್ ಅಲ್ಲಾಡದಿರಲಿ ಅಂತ ಹಾಕಿದ್ದು. ಅವನ್ನು ತೆಗೆಯದೆ ಓಡಿಸಿದರೆ ಮೆಷಿನ್ ಕುಣಿಯುತ್ತದೆ, ಒಳಗೆ ಮುರಿಯುತ್ತದೆ. ತೆಗೆದು ಎಸೆಯಬೇಡಿ, ಮನೆ ಬದಲಾಯಿಸುವಾಗ ಮತ್ತೆ ಬೇಕು. ಹಾಳೆಯಲ್ಲಿ ಇದೆ.

ಲ್ಯಾಮಿನೇಟ್ ನೆಲ ಹಾಸುವವರು, ತಂದ ದಿನವೇ ಹಾಸಬೇಡಿ. ಡಬ್ಬಗಳನ್ನು ಅದೇ ಕೋಣೆಯಲ್ಲಿ ಸಾಮಾನ್ಯವಾಗಿ 48 ಗಂಟೆ ಇಡಬೇಕು. ಗೋಡೆಯ ಸುತ್ತ ಸುಮಾರು 8ರಿಂದ 10 ಮಿಲಿಮೀಟರ್ ಸಂದು ಬಿಡಬೇಕು. ಸಂದು ಕಂಡರೆ ಚೆನ್ನಾಗಿರೋದಿಲ್ಲ ಅಂತ ಗೋಡೆಗೆ ಒತ್ತಿ ಕೂರಿಸಿದರೆ, ಹಲಗೆ ಹಿಗ್ಗಿದಾಗ ಮಧ್ಯದಲ್ಲಿ ಎದ್ದು ನಿಲ್ಲುತ್ತದೆ. ಮೇಲೆ ಪಟ್ಟಿ ಬಂದು ಆ ಸಂದನ್ನು ಹೇಗೂ ಮುಚ್ಚುತ್ತದೆ. ಇದೂ ಹಾಳೆಯಲ್ಲಿ ಇದೆ.

ಬಣ್ಣದ ವಿಷಯದಲ್ಲಿ ಹಾಳೆ ಅಂದರೆ ಡಬ್ಬದ ಮೈಮೇಲೆ ಬರೆದಿರುವುದು. ಎಷ್ಟು ನೀರು ಬೆರೆಸಬೇಕು, ಯಾವ ಪ್ರೈಮರ್ ಹಾಕಬೇಕು, ಒಂದು ಕೋಟ್ ಆದ ಮೇಲೆ ಎಷ್ಟು ಹೊತ್ತು ಕಾಯಬೇಕು. ತೇವ ಇರುವ ಗೋಡೆಗೆ ಬಳಿದು, ಸಿಪ್ಪೆ ಎದ್ದಿತು ಅಂತ ದೂರು ಕೊಟ್ಟರೆ ಯಾರೂ ಒಪ್ಪೋದಿಲ್ಲ. ಖಾಲಿ ಡಬ್ಬ ಎಸೆಯುವ ಮೊದಲು ಬ್ಯಾಚ್ ನಂಬರಿನ ಫೋಟೋ ತೆಗೆದಿಡಿ.

ಫೋಟೋ ಅಂದಾಗ ನೆನಪಾಯಿತು. ಅಂಗಡಿಯ ಆ ನುಣುಪು ಕಾಗದದ ಬಿಲ್ಲು ಬಿಸಿಗೆ, ಬೆಳಕಿಗೆ ಮಾಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆಯಿರಿ. ಸಾಮಾನಿನ ಹಿಂದೆ ಸೀರಿಯಲ್ ನಂಬರಿನ ಚೀಟಿ ಇರುತ್ತದೆ. ಗೋಡೆಗೆ ಕೂರಿಸಿದ ಮೇಲೆ ಅದು ಕಾಣೋದಿಲ್ಲ, ಮೊದಲೇ ಅದರ ಫೋಟೋ ತೆಗೆದುಕೊಳ್ಳಿ. ಕೂರಿಸುವಾಗಲೂ ನಾಲ್ಕು ಫೋಟೋ ಇರಲಿ: ವಾಲ್ವ್, ಪೈಪ್, ಅರ್ಥಿಂಗ್ ವೈರ್, ಗೋಡೆಯಿಂದ ಬಿಟ್ಟ ಜಾಗ. ಹಾಳೆಯಲ್ಲಿ ಹೇಳಿದ ಹಾಗೇ ಮಾಡಿದ್ದೇನೆ ಅನ್ನೋದಕ್ಕೆ ಅದೇ ಸಾಕ್ಷಿ.

ಇನ್ನೊಂದು. "ಕಂಪನಿಯ ತಂತ್ರಜ್ಞರೇ ಕೂರಿಸಬೇಕು" ಅಂತ ಹಾಳೆಯಲ್ಲಿ ಬರೆದಿದ್ದರೆ ಅವರನ್ನೇ ಕರೆಸಿ, ಹಠ ಬೇಡ. ಏನಾದರೂ ಕೆಟ್ಟರೆ ಸುಮ್ನೆ ಸ್ಕ್ರೂ ಬಿಚ್ಚಿ ನೋಡೋಕೆ ಹೋಗಬೇಡಿ. ಸೀಲ್ ಹರಿದರೆ ಅಲ್ಲಿಗೆ ಮಾತು ಮುಗಿಯಿತು. ಮೊದಲು ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಗೀಸರ್ ಇರುವ ಮನೆಯವರು ಈ ಮಾತು ಮುಗಿದ ಕೂಡಲೇ ಒಂದು ಟಾರ್ಚ್ ತಗೊಂಡು ಕೆಳಗೆ ನೋಡಿ. ಆ ವಾಲ್ವ್‌ನ ತೂತು ತೆರೆದಿದೆಯಾ? ಯಾರಾದರೂ ಏನಾದರೂ ಮೆತ್ತಿದ್ದರೆ ಮೊದಲು ಸ್ವಿಚ್ ಆರಿಸಿ. ಕಿತ್ತು ತೆಗೆಯೋಕೆ ನೀವು ಹೋಗಬೇಡಿ. ಮೆಕ್ಯಾನಿಕ್ ಬಂದು ವಾಲ್ವ್ ಬದಲಾಯಿಸುವ ತನಕ ಸ್ವಿಚ್ ಹಾಕಬೇಡಿ. ನಮಸ್ಕಾರ.