ಖರೀದಿ ಪತ್ರದೊಳಗಿನ ಎನ್‌ಕಂಬರೆನ್ಸ್

ಕೇಳುಗರಿಗೆ ನಮಸ್ಕಾರ.

ಶಿರಸಿಯಲ್ಲಿ ಅಡಿಕೆ ತೋಟ ಕೊಳ್ಳಲಿ, ಕಾರವಾರದಲ್ಲಿ ಮನೆ ಜಾಗ ಕೊಳ್ಳಲಿ, ‘ಇ.ಸಿ. ತೆಗೆಸಿದ್ರಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇ.ಸಿ. ಎಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತಿಳಿಸುವ ಸರ್ಟಿಫಿಕೇಟು. ಅದರಲ್ಲಿನ ‘ಇ’ ಎಂದರೆ ಎನ್‌ಕಂಬರೆನ್ಸ್. ಸರ್ಕಾರಿ ಕನ್ನಡದಲ್ಲಿ ಋಣಭಾರ, ಪಹಣಿ ನೋಡುವವರ ಬಾಯಲ್ಲಿ ಬೋಜಾ. ಎರಡೂ ಸಾಲವನ್ನೇ ನೆನಪಿಸುತ್ತವೆ. ತೊಡಕು ಶುರುವಾಗುವುದೇ ಅಲ್ಲಿ.

ಆಸ್ತಿ ಒಬ್ಬರ ಹೆಸರಿನಲ್ಲಿದ್ದು ಅದರ ಮೇಲೆ ಇನ್ನೊಬ್ಬರಿಗೆ ಹಕ್ಕಿದ್ದರೆ ಅದು ಎನ್‌ಕಂಬರೆನ್ಸ್. ಅಡಮಾನ, ಲೀಸು, ತಾಯಿಗೆ ಆಸ್ತಿಯ ಮೇಲೆ ಬರೆದಿಟ್ಟ ಜೀವನಾಂಶ, ಮೇಲಿನ ತೋಟದವರು ನಿಮ್ಮ ತೋಟದಂಚಿನಲ್ಲಿ ಓಡಾಡುವ ಹಾದಿ, ಅವರ ನೀರಿನ ಕಾಲುವೆ ಎಲ್ಲವೂ ಇದರೊಳಗೆ ಬರುತ್ತವೆ. ಕೈಸಾಲ ಎಷ್ಟೇ ಇರಲಿ, ಆಸ್ತಿಗೆ ಅಂಟದಿದ್ದರೆ ಅದು ಬರೀ ಸಾಲ. ‘ಫ್ರೀ ಫ್ರಂ ಆಲ್ ಎನ್‌ಕಂಬರೆನ್ಸಸ್’ ಅಂದರೆ ಯಾವ ಋಣಭಾರವೂ ಇಲ್ಲ ಎಂದು ಖರೀದಿ ಪತ್ರದಲ್ಲಿ ಬರೆದುಕೊಟ್ಟವರು ಹಾದಿಯ, ನೀರಿನ ಹಕ್ಕೂ ಬೇರೆಯವರಿಗಿಲ್ಲವೆಂದು ಮಾತು ಕೊಟ್ಟಂತೆ. ಬಹಳ ಜನ ಈ ವಾಕ್ಯವನ್ನು ಓದದೆಯೇ ಸಹಿ ಹಾಕುತ್ತಾರೆ.

ಇ.ಸಿ.ಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅರ್ಜಿ ಹಾಕಬಹುದು. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಹದಿನಾರು ಬಂತೆಂದು ಹಿಗ್ಗಬೇಡಿ. ನೀವು ಕೊಟ್ಟ ಸರ್ವೆ ನಂಬರು, ನೀವು ಕೇಳಿದ ಅವಧಿ, ಅದರಲ್ಲೂ ನೋಂದಣಿಯಾದ ದಸ್ತಾವೇಜು, ಇಷ್ಟಕ್ಕೇ ಅದು ಉತ್ತರ. ಪೋಡಿಯಾಗಿ, ಅಂದರೆ ಜಮೀನು ಅಳತೆಯಾಗಿ ಭಾಗವಾಗಿ, ಹಿಸ್ಸಾ ನಂಬರು ಬದಲಾಗಿದ್ದರೆ ಹಳೆಯ ಅಡಮಾನ ಹಳೆಯ ನಂಬರಿನಲ್ಲೇ ಉಳಿದಿರುತ್ತದೆ. ಎರಡೂ ನಂಬರಿಗೆ ಹುಡುಕಿಸಬೇಕು. ಅವಧಿಯಲ್ಲಿ ಜಿಪುಣತನ ಬೇಡ. ಅಡಮಾನದ ಹಣ ವಸೂಲಿಗೆ ದಾವೆ ಹೂಡಲು 12 ವರ್ಷ, ಅಡಮಾನ ಬಿಡಿಸಿಕೊಳ್ಳಲು 30 ವರ್ಷ ಎಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ವಕೀಲರು 30 ವರ್ಷದ್ದು ಕೇಳುವುದು ಸುಮ್ಮನೆ ಅಲ್ಲ.

ಮೂಲ ಪತ್ರ ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ನೋಂದಣಿಯಾಗದಿದ್ದರೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಮಾರುವವರು ಝೆರಾಕ್ಸ್ ಮಾತ್ರ ತೋರಿಸಿದರೆ ಮೂಲಪತ್ರ ಎಲ್ಲಿದೆ ಎಂದು ನೇರವಾಗಿ ಕೇಳಿ. ಒಂದು ವರ್ಷದೊಳಗಿನ ಬಾಡಿಗೆ, ಬಾಯಿಮಾತಿನ ಹಾದಿ, ಇವಕ್ಕೆ ಜಾಗಕ್ಕೇ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸಬೇಕು.

ಇನ್ನು ಸೊಸೈಟಿ ಬೆಳೆಸಾಲ. ಕಂತು ತೀರಿದ ಮಾತ್ರಕ್ಕೆ ಬೋಜಾ ತಾನಾಗಿ ಇಳಿಯುತ್ತದೆಂದು ಕೂರಬೇಡಿ. ಸಾಲ ಬಾಕಿಯಿಲ್ಲವೆಂಬ ಬೇಬಾಕಿ ಪತ್ರ ಪಡೆದು ಪಹಣಿಯಲ್ಲೂ ಉಪನೋಂದಣಿ ಕಚೇರಿಯಲ್ಲೂ ತೆಗೆಸಬೇಕು. ಕೊಳ್ಳುವವರು ಹೊಸ ಪಹಣಿ ತರಿಸಿ, ಹಕ್ಕು, ಋಣ ನಮೂದಾಗುವ 11ನೇ ಕಾಲಂ ನೋಡಿ, ಆಮೇಲೆ ಮುಂಗಡ ಕೊಡಿ.